ಕುಂಕುಮ ಹತ್ತಿದ ಕ್ಯಾಮೆರಾ

ಎದುರಿನ ಸ್ಟುಡಿಯೋದವನು ಡಿಜಿಟಲ್ ಕ್ಯಾಮೆರಾ ತಂದ ದಿನದಿಂದ ನನಗೆ ಉಂಡದ್ದು ಮೈಗೆ ಹತ್ತಲಿಲ್ಲ. ಸುತ್ತಿ ಬಳಸಿ ಹೇಳಿ ಏನು ಉಪಯೋಗ? ಹೊಟ್ಟೆಕಿಚ್ಚು, ಅಷ್ಟೇ. ಸೇಡಂನ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಈ ಕಡೆ ನನ್ನ ಸ್ಟುಡಿಯೋ, ಆ ಕಡೆ ಅವನದು. ಇಬ್ಬರೂ ಒಬ್ಬರೇ ಉಸ್ತಾದರ ಕತ್ತಲೆಕೋಣೆಯಲ್ಲಿ ಫಿಲ್ಮು ತೊಳೆದು ಕಲಿತವರು. "ಕಣ್ಣು ನಿಂದು ಛಲೋ ಅದ" ಎಂದು ಉಸ್ತಾದರು ಹೇಳುತ್ತಿದ್ದದ್ದು ನನಗೇ ಹೊರತು ಅವನಿಗಲ್ಲ. ಅಂಥವನ ಕುತ್ತಿಗೆಯಲ್ಲಿ ಈಗ ಅಗಲವಾದ ಕರಿ ಪಟ್ಟಿ, ಪಟ್ಟಿಯಲ್ಲಿ ತೂಗುವ ಹೊಸ ಕ್ಯಾಮೆರಾ. ಚಹಾ ಕುಡಿಯಲು ಹೋಗುವಾಗಲೂ ಅದನ್ನು ತೆಗೆದಿಡುತ್ತಿರಲಿಲ್ಲ, ಪುಣ್ಯಾತ್ಮ.

ಇದು ಎರಡು ಸಾವಿರದ ಎಂಟರ ಆಸುಪಾಸಿನ ಮಾತು. ಫಿಲ್ಮಿನ ಕಾಲ ಮುಗಿಯುತ್ತ ಬಂದಿತ್ತು, ಆದರೆ ನನ್ನ ಕೈಯಲ್ಲಿ ಇನ್ನೂ ಫಿಲ್ಮ್ ಕ್ಯಾಮೆರಾನೇ ಇತ್ತು. ಒಂದು ದಿನ ಕುರಕುಂಟಾದ ಹೆಣ್ಣುಮಗಳೊಬ್ಬಳು ಕೂಸನ್ನು ಎತ್ತಿಕೊಂಡು ಬಂದಳು. ಕೂಸಿಗೆ ಟೋಪಿ ಸರಿಮಾಡಿ, ಗಿಲಕಿ ಆಡಿಸಿ, ಒಂದು ಫೋಟೋ ತೆಗೆದೆ.

"ಎಲ್ರೀ ಅಣ್ಣಾ, ಹಿಂದ ತೋರಸ್ರಿ, ಹ್ಯಾಂಗ ಬಂದದ ನೋಡ್ತೀನಿ" ಅಂದಳು.

"ಇದರಾಗ ಕಾಣಂಗಿಲ್ಲವ್ವಾ, ತೊಳಿಬೇಕಾಗ್ತದ. ನಾಡದ ಬಾ."

ಅವಳು ಕೂಸನ್ನು ಎತ್ತಿಕೊಂಡು ಸೀದಾ ರಸ್ತೆ ದಾಟಿದಳು. ಆ ಕೂಸಿನ ಕೈಯಲ್ಲಿ ನನ್ನ ಗಿಲಕಿಯೇ ಇತ್ತು. ಅವನು ಬಾಗಿಲಲ್ಲೇ ನಿಂತು "ಬರ್ರಿ ಬರ್ರಿ, ಕುಂದ್ರಿ" ಎಂದು ಕರೆದದ್ದು ನನ್ನ ಕಿವಿಗೇ ಬಿತ್ತು.

ಅವತ್ತೇ ತೀರ್ಮಾನಿಸಿದೆ. ತಂದರೆ ಅವನದಕ್ಕಿಂತ ಒಂದು ನಂಬರ್ ಮೇಲಿನದನ್ನೇ ತರಬೇಕು. ಗುಲ್ಬರ್ಗಾದ ಅಂಗಡಿಯಲ್ಲಿ ಆ ಮಾಡೆಲ್ ಇರಲಿಲ್ಲ. ನಮ್ಮ ರಸ್ತೆಯ ಸೈಬರ್ ಸೆಂಟರಿನ ಸಾಹೇಬರು ಕಂಪ್ಯೂಟರಿನಲ್ಲಿ ಹುಡುಕಿ ತೆಗೆದರು. ವಸ್ತುಗಳನ್ನು ಇಂಟರ್ನೆಟ್ಟಿನಲ್ಲೇ ಮಾರುವ ಒಂದು ಕಂಪನಿ. ಅಂಗಡಿ ಇಲ್ಲ, ಗಲ್ಲಾ ಇಲ್ಲ, ಬರೀ ಚಿತ್ರ. "ಭಾಯಿ, ರೇಟ್ ಭಿ ಕಮ್ಮಿ ಅದ, ಮಾಲ್ ಭಿ ಅಸಲಿ ಅದ. ಪಸಂದ್ ಬರಲಿಲ್ಲಂದ್ರ ರೊಕ್ಕ ವಾಪಸ್ ಕೊಡ್ತೀವಿ ಅಂತ ಬರದಾರ ನೋಡ್ರಿ" ಅಂದರು ಸಾಹೇಬರು. ನನ್ನ ಫಿಲ್ಮ್ ಕ್ಯಾಮೆರಾ, ಫೋಟೋ ದೊಡ್ಡದು ಮಾಡುವ ಯಂತ್ರ ಎರಡನ್ನೂ ಗುಲ್ಬರ್ಗಾದ ವ್ಯಾಪಾರಿಗೆ ಕೊಟ್ಟು, ಬಂದ ರೊಕ್ಕಕ್ಕೆ ಮನೆಯಲ್ಲಿದ್ದದ್ದನ್ನೂ ಸೇರಿಸಿ, ಬ್ಯಾಂಕಿನಲ್ಲಿ ಡಿ.ಡಿ. ತೆಗೆಸಿ ಕಳಿಸಿದೆ. ಚಿತ್ತಾಪುರದ ಮಾಸ್ತರರ ಮನೆಯಲ್ಲಿ ಎರಡನೇ ಮಗಳ ಮದುವೆ ಗೊತ್ತಾಗಿತ್ತು. ದೊಡ್ಡವಳ ಮದುವೆಯ ಫೋಟೋ ನನ್ನದೇ. ಈ ಸಲ ಡಿಜಿಟಲ್ ಆಲ್ಬಂ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಕೊರಿಯರಿನವರು ಸೇಡಂವರೆಗೆ ಬರುತ್ತಿರಲಿಲ್ಲ. ಗುಲ್ಬರ್ಗಾಕ್ಕೆ ಹೋಗಿ ಸಹಿ ಹಾಕಿ ಪೆಟ್ಟಿಗೆ ಬಿಡಿಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಪಕ್ಕದವನು ಎರಡು ಸಲ ಕೇಳಿದ, ಏನದು ಎಂದು. ಎರಡು ಸಲವೂ ಸಂತೋಷದಿಂದ ಹೇಳಿದೆ. ಆದರೆ ಪೆಟ್ಟಿಗೆ ಬಿಚ್ಚಿ ನೋಡಲಿಲ್ಲ. ನಮ್ಮಲ್ಲಿ ಹೊಸ ಯಂತ್ರ ಬಂದರೆ ಮೊದಲು ಪೂಜೆ, ಆಮೇಲೆ ಬಟನ್. ಟ್ರ್ಯಾಕ್ಟರಾಗಲಿ, ಹಿಟ್ಟಿನ ಗಿರಣಿಯಾಗಲಿ, ಪೂಜೆಗೆ ಮುಂಚೆ ಚಾಲೂ ಮಾಡುವುದನ್ನು ನಾನಂತೂ ಕಂಡಿಲ್ಲ. ಕ್ಯಾಮೆರಾಕ್ಕೆ ಬೇರೆ ನಿಯಮ ಇರುತ್ತದೆಂದು ನನಗೆ ಹೊಳೆಯಲೂ ಇಲ್ಲ.

ಶುಕ್ರವಾರ ಬೆಳಗ್ಗೆ ಸ್ಟುಡಿಯೋ ತೊಳೆದು, ರಂಗೋಲಿ ಹಾಕಿಸಿ, ರಸ್ತೆಯವರನ್ನೆಲ್ಲ ಕರೆದೆ. ಅವನನ್ನೂ ಕರೆದೆ. ಅವನು ನೋಡಲಿ ಎಂದೇ ಕರೆದೆ. "ನನ್ನ ಹಂತ್ಯಾಕ ಈಗ ಹಳೀ ಕ್ಯಾಮೆರಾ ಇಲ್ಲ, ಪೂಜಿ ಫೋಟೋ ನೀನೇ ತೆಗಿಯಪ್ಪಾ" ಅಂದೆ, ಬೇಕಂತಲೇ. ಅವನು ಪಟ್ಟಿ ಹಾಕಿಕೊಂಡು ಬಂದ. ಪೆಟ್ಟಿಗೆಯ ಟೇಪು ಕತ್ತರಿಸುವುದರಿಂದ ಹಿಡಿದು ಟಕಟಕ ತೆಗೆದ. ನಾನು ಕ್ಯಾಮೆರಾ ಹೊರತೆಗೆದು ಮಣೆಯ ಮೇಲೆ ಇಟ್ಟಾಗ ಅವನು ಮೊಣಕಾಲೂರಿ ಹತ್ತಿರದಿಂದ, ಎಡಗಡೆಯಿಂದ, ಬಲಗಡೆಯಿಂದ, ಮೇಲಿನಿಂದ ತೆಗೆದೇ ತೆಗೆದ. ಅವನ ಕಣ್ಣು ನನ್ನ ಮೇಲಿರಲಿಲ್ಲ, ಅದರ ಮೇಲಿತ್ತು. ನನಗೆ ಹಬ್ಬದೂಟ ಉಂಡಷ್ಟು ತೃಪ್ತಿ. ಆಮೇಲೆ ಕೈತುಂಬ ಅರಿಶಿನ, ಕುಂಕುಮ ಏರಿಸಿ, ಲೆನ್ಸಿನ ಕೆಳಗೆ ದೊಡ್ಡದೊಂದು ಬೊಟ್ಟು ಇಟ್ಟು, ಕಾಯಿ ಒಡೆದು, ಬ್ಯಾಟರಿ ಹಾಕಿ ಬಟನ್ ಒತ್ತಿದೆ.

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು: ಲೆನ್ಸ್ ಸಂಪರ್ಕ ಸಿಗುತ್ತಿಲ್ಲ. ಬಂದ್ ಮಾಡಿ ಮತ್ತೆ ಹಚ್ಚಿದೆ. ಅದೇ ಸಾಲು. ಸುತ್ತ ನಿಂತವರು ಕೊಬ್ಬರಿ ಸಕ್ಕರೆ ತಿನ್ನುತ್ತ ನನ್ನ ಮುಖ ನೋಡಿದರು.

"ಬ್ಯಾಟರಿ ಚಾರ್ಜ್ ಇಲ್ಲ ಕಾಣ್ತದ ಬಿಡು" ಎಂದು ಎದುರಿನವನು ಪ್ರಸಾದ ಬಾಯಿಗೆ ಹಾಕಿಕೊಂಡು ಹೊರಟುಹೋದ.

ಬ್ಯಾಟರಿ ತುಂಬಿಸಿದೆ. ಲೆನ್ಸ್ ಬಿಚ್ಚಿ, ಅದರ ಹಿಂದಿನ ಹಿತ್ತಾಳೆ ಬಣ್ಣದ ಚುಕ್ಕೆಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಹಳೆಯ ಕ್ಯಾಮೆರಾಗಳಲ್ಲಿ ಈ ಉಪಾಯ ಎಷ್ಟೋ ಸಲ ಫಲಿಸಿತ್ತು. ಬಿಚ್ಚುವುದು, ಉಜ್ಜುವುದು, ಕೂಡಿಸುವುದು, ಮಧ್ಯಾಹ್ನದವರೆಗೂ ಇದೇ ನಡೆಯಿತು. ಆ ಗಡಿಬಿಡಿಯಲ್ಲಿ ಮೇಲಿದ್ದ ಅರಿಶಿನ ಕುಂಕುಮ ಕ್ಯಾಮೆರಾದ ಹೊಟ್ಟೆಯೊಳಗೆ, ಕನ್ನಡಿಯ ಮೇಲೆ ಉದುರುತ್ತಿದ್ದದ್ದು ಗೊತ್ತೇ ಆಗಲಿಲ್ಲ. ಕೊನೆಗೆ ಸಾಹೇಬರಿಂದ ಕಂಪನಿಗೆ ಮೇಲ್ ಬರೆಸಿದೆ. ವಾಪಸ್ ಕಳಿಸಿ, ಪರೀಕ್ಷಿಸಿ ಹಣ ಮರಳಿಸುತ್ತೇವೆ ಎಂದು ಉತ್ತರ ಬಂತು. ಬೊಟ್ಟಿನ ಕಲೆ ಪೂರ್ತಿ ಬಿಡದಿದ್ದರೂ ಮೇಲೆ ಮೇಲೆ ಒರೆಸಿ, ಅವರು ಕೊಟ್ಟ ನಂಬರನ್ನು ಪೆಟ್ಟಿಗೆಯ ಮೇಲೆ ಬರೆದು, ಗುಲ್ಬರ್ಗಾದ ಅದೇ ಕೊರಿಯರಿಗೆ ಒಪ್ಪಿಸಿ ಬಂದೆ.

ಆಮೇಲೆ ಶುರುವಾಯಿತು ನೋಡಿ ಫಜೀತಿ. ಕ್ಯಾಮೆರಾ ಇಲ್ಲದ ಫೋಟೋಗ್ರಾಫರ್ ಎಂದರೆ ಏನು? ಬೆಳಗ್ಗೆ ಶೆಟರ್ ಎತ್ತುವುದು, ಹಿಂದಿನ ಪರದೆಯ ಧೂಳು ಝಾಡಿಸುವುದು, ಬಂದವರಿಗೆ "ರಿಪೇರಿಗೆ ಹೋಗ್ಯದ್ರಿ" ಅನ್ನುವುದು, ಅವರು ರಸ್ತೆ ದಾಟುವುದನ್ನು ನೋಡುವುದು. ಕೋಡ್ಲಾದ ಫ್ಯಾಕ್ಟರಿಯಲ್ಲಿ ಗುರುತಿನ ಚೀಟಿಗೆ ಕೆಲಸಗಾರರ ಫೋಟೋ ತೆಗೆಯುವ ಕೆಲಸ ಪ್ರತಿ ವರ್ಷ ನನಗೇ ಬರುತ್ತಿತ್ತು. ಈ ವರ್ಷ ಅವನು ಹೋದ. ಫ್ಯಾಕ್ಟರಿಯ ಜೀಪು ಅವನ ಅಂಗಡಿ ಮುಂದೆ ನಿಂತು ಹಾರ್ನ್ ಹೊಡೆದಾಗ ನಾನು ಒಳಗೆ ಹೋಗಿ ಸುಮ್ಮನೆ ನಳ ಬಿಟ್ಟೆ, ಆ ಸದ್ದು ಕೇಳದಿರಲಿ ಎಂದು.

ದಿನಾ ಸಾಹೇಬರ ಅಂಗಡಿಗೆ ಹೋಗಿ ಮೇಲ್ ತೆಗೆಸುವುದು. ಕರೆಂಟ್ ಇದ್ದರೆ ಲೈನ್ ಇರುತ್ತಿರಲಿಲ್ಲ, ಲೈನ್ ಇದ್ದರೆ ಕರೆಂಟ್ ಇರುತ್ತಿರಲಿಲ್ಲ. ಎರಡೂ ಇದ್ದ ದಿನ "ನಿಮ್ಮ ವಸ್ತು ಪರಿಶೀಲನೆಯಲ್ಲಿದೆ" ಎಂಬ ಒಂದೇ ಉತ್ತರ. ಫೋನ್ ಹಚ್ಚಿದರೆ ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಸಂಗೀತ. ಆ ಸಂಗೀತ ಕೇಳುತ್ತ ಕೇಳುತ್ತ ಕಾರ್ಡಿನ ರೊಕ್ಕ ತೀರಿಹೋಗುತ್ತಿತ್ತು.

ಮಾಸ್ತರರ ಕಿವಿಗೆ ಸುದ್ದಿ ಬಿದ್ದಿರಬೇಕು ಎಂಬ ಅಂಜಿಕೆಯಿಂದ ಒಂದು ದಿನ ಪ್ಯಾಸೆಂಜರ್ ಗಾಡಿ ಹಿಡಿದು ಚಿತ್ತಾಪುರಕ್ಕೆ ಹೋದೆ. ಮಡಿ ಉಟ್ಟು ಪೂಜೆ ಮುಗಿಸಿ ಬಂದ ಮಾಸ್ತರರು "ಬರ್ರಿ, ಕುಂದ್ರಿ" ಅಂದರು. ಅವರ ಮುಂದಿನ ಟೀಪಾಯಿಯ ಮೇಲೆ ದಪ್ಪನೆಯ ಆಲ್ಬಂ ಬಿದ್ದಿತ್ತು. ತೆರೆಯದೆಯೇ ಗೊತ್ತಾಯಿತು, ಎದುರಿನವನ ಕೆಲಸವೆಂದು. ಶಹಾಬಾದಿನ ಯಾರದೋ ಮದುವೆ. ಅವರ ಹೆಂಡತಿ ಪುಟ ತಿರುವುತ್ತ ನನಗೇ ತೋರಿಸಿದರು.

"ನೋಡ್ರಿ ಇಲ್ಲಿ, ಹುಡುಗೀನ್ನ ಕಮಲದ ಹೂವಿನಾಗ ಕೂಡಿಸ್ಯಾರ. ಭಾಳ ಛಂದ ಬಂದದ, ಹೌದಲ್ರೀ?"

"ಹೌದ್ರೀ ತಾಯಿ, ಛಂದ ಅದ" ಅಂದೆ. ಕಮಲದ ಬೇರೆ ಫೋಟೋ ತಂದು ಕಂಪ್ಯೂಟರಿನಲ್ಲಿ ಅಂಟಿಸಿದ್ದ, ಅದರಲ್ಲಿ ಫೋಟೋಗ್ರಾಫರನ ಕೈಚಳಕ ಏನಿತ್ತು? ಹುಡುಗಿಯ ಮೂಗಿನ ಮೇಲೆ ಫ್ಲ್ಯಾಶ್ ಹೊಡೆದು ಬೆಳ್ಳಗಾಗಿದ್ದು ಯಾರಿಗೂ ಕಾಣಲಿಲ್ಲ. ನನಗೆ ಮಾತ್ರ ಕಂಡಿತು.

ಮಾಸ್ತರರು ಸೌಮ್ಯವಾಗಿಯೇ ಹೇಳಿದರು: "ನಮ್ಮ ದೊಡ್ಡಾಕಿ ಮದುವಿ ನೀವೇ ತೆಗದೀರಿ, ಇದೂ ನೀವೇ ತೆಗೀಬೇಕು ಅಂತದ ನನಗ. ಆದ್ರ ಕ್ಯಾಮೆರಾ ಬಂದಿಲ್ಲಂತ ಕೇಳೀನಿ. ಮದುವಿ ಮೊದಲ ದೇವರ ಸಮಾರಾಧನಿ ಇರ್ತದ, ಅದರೊಳಗ ಬಂದಿರಬೇಕು ನೋಡ್ರಿ. ಇಲ್ಲಂದ್ರ ಮನಸಿನ್ಯಾಗ ಏನೂ ಇಟ್ಗೋಬ್ಯಾಡ್ರಿ." ಮದುವೆ ಇನ್ನೇನು ಬಂತು ಅನ್ನುವಷ್ಟು ಹತ್ತಿರವಿತ್ತು.

ಅಲ್ಲಿಂದ ಬಂದ ಮರುದಿನವೇ ಕಂಪನಿಯ ಉತ್ತರ ಬಂತು. ಸಾಹೇಬರು ಓದಿ, ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಲೆನ್ಸ್ ಕೂಡುವ ಬಳೆಯ ಕೆಳಗೆ ಬಿರುಕು ಇದೆ, ಒಳಗೆ ಕೆಂಪು ಮತ್ತು ಹಳದಿ ಪುಡಿ ತುಂಬಿದೆ, ಗ್ರಾಹಕರು ಬಳಸಿ, ಬೀಳಿಸಿ ಕೆಡಿಸಿದ್ದಾರೆ, ಆದ್ದರಿಂದ ಹಣ ಮರಳಿಸಲಾಗುವುದಿಲ್ಲ.

"ಬೀಳಿಸೀನಾ? ನಾ ಬೀಳಿಸೀನಾ?" ಎಂದು ಅಲ್ಲಿಯೇ ಕೂಗಾಡಿದೆ. "ದೇವರ ಮುಂದ ಇಟ್ಟದ್ದು ಬಿಟ್ರ ಅದು ನನ್ನ ಕೈ ಬಿಟ್ಟು ಎಲ್ಲೂ ಹೋಗಿಲ್ರೀ ಸಾಹೇಬರ!"

"ನನಗ ಯಾಕ ಬೈತೀರಿ ಭಾಯಿ? ಅವರಿಗಿ ಹೇಳ್ರಿ" ಎಂದು ಸಾಹೇಬರು ತಮ್ಮ ಅಂಗಡಿಯ ಫೋನೇ ಮುಂದೆ ಸರಿಸಿದರು. ಸಂಗೀತವೆಲ್ಲ ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು. ನಮ್ಮ ಕಡೆಯ ಹಿಂದಿಯಲ್ಲಿ ಎಲ್ಲ ಹೇಳಿದೆ. ಅದು ಪುಡಿ ಅಲ್ಲ ತಾಯಿ, ಕುಂಕುಮ. ಕೊಳೆ ಅಲ್ಲ, ಅರಿಶಿನ. ಬಳಸಿಲ್ಲ, ಪೂಜಿಸಿದ್ದೇನೆ. ಆಕೆ ನಕ್ಕಳು. ತಮ್ಮ ಮನೆಯಲ್ಲೂ ಹೊಸ ಸ್ಕೂಟರಿಗೆ ಹೀಗೇ ಮಾಡುತ್ತಾರೆ ಅಂದಳು. ಆದರೆ ತನ್ನ ಕಂಪ್ಯೂಟರಿನಲ್ಲಿ ಪೂಜೆ ಎಂದು ಬರೆಯಲು ಜಾಗವಿಲ್ಲ, "ಬಳಸಿದ್ದು", "ಬಳಸದ್ದು" ಎರಡೇ ಇವೆ ಅಂದಳು. ಕುಂಕುಮ ಹಚ್ಚುವ ಮೊದಲೇ ಆ ಬಿರುಕು ಇತ್ತು ಎಂಬುದಕ್ಕೆ ಏನಾದರೂ ಪುರಾವೆ ಕಳಿಸಿದರೆ ಮೇಲಿನವರಿಗೆ ತೋರಿಸುವುದಾಗಿ ಹೇಳಿ ಫೋನಿಟ್ಟಳು.

ಪುರಾವೆ ಎಲ್ಲಿಂದ ತರಲಿ? ಬಿರುಕನ್ನು ನಾನೇ ನೋಡಿರಲಿಲ್ಲ. ಅದರ ಮೇಲೆಯೇ ದೊಡ್ಡ ಬೊಟ್ಟು ಇಟ್ಟಿದ್ದೆನಲ್ಲ! ಮನೆಗೆ ಬಂದು ಊಟಕ್ಕೆ ಕೂತು ಹೆಂಡತಿಗೆ ಎಲ್ಲ ಹೇಳಿದೆ. ಆಕೆ ಪಲ್ಯ ಬಡಿಸುತ್ತ ಅಂದಳು:

"ಪೂಜಿ ಫೋಟೋ ತೆಗದಾರಲ್ಲ ಆ ಎದುರಿನವರು. ಅವರ ಕಡೆ ಇರ್ತಾವ, ಹೋಗಿ ಕೇಳ್ರಿ."

"ಅವನ ಅಂಗಡಿ ಕಟ್ಟೀ ಹತ್ತಂಗಿಲ್ಲ ನಾ."

"ಹತ್ತಬ್ಯಾಡ್ರಿ. ದಿನಾ ನಮ್ಮ ಕಟ್ಟೀ ಮ್ಯಾಲ ಕುಂತು ಅವರ ಗಿರಾಕಿ ಎಣಿಸ್ರಿ. ಭಾಳ ದೊಡ್ಡ ಮರ್ಯಾದಿ ಉಳೀತದ ನಿಮ್ಮದು."

ಆಕೆ ಹೀಗೆ ಅನ್ನುವವಳೇ. ಸಿಟ್ಟಿನಿಂದ ತಾಟು ಸರಿಸಿ ಎದ್ದೆ, ಸ್ಟುಡಿಯೋಕ್ಕೆ ಬಂದೆ, ಹೋಗಲೋ ಬೇಡವೋ ಎಂದು ಕಟ್ಟೆಯ ಮೇಲೆ ಕೂತೆ. ಕೂತಾಗ ಅವನ ಅಂಗಡಿಯೊಳಗೆ ಯಾರೋ ನವದಂಪತಿಗಳು ಹೋದರು. ಅವರು ಹೊರಗೆ ಬರುವಷ್ಟರಲ್ಲಿ ನನ್ನ ತೀರ್ಮಾನ ಆಗಿತ್ತು. ಮಾಸ್ತರರ ಮನೆಯ ಮದುವೆಯೂ ಇವನ ಪಾಲಾಗುವುದಕ್ಕಿಂತ ಇವನ ಮುಂದೆ ಒಂದು ಸಲ ಕೈಯೊಡ್ಡುವುದು ವಾಸಿ. ರಸ್ತೆ ದಾಟಿದೆ.

ಅವನು ವಿಷಯ ಕೇಳಿಸಿಕೊಂಡ. ಕಂಪ್ಯೂಟರ್ ಹಚ್ಚಿದ. ನನ್ನ ಪೂಜೆಯ ಫೋಟೋಗಳಿಗೆ ಬೇರೆಯದೇ ಫೋಲ್ಡರ್ ಮಾಡಿ ಇಟ್ಟಿದ್ದ. ನಾನಿರುವ ಫೋಟೋ ಎರಡೋ ಮೂರೋ, ಉಳಿದದ್ದೆಲ್ಲ ನನ್ನ ಕ್ಯಾಮೆರಾ. ಹುಡುಕದೇ, ಸೀದಾ ಒಂದನ್ನು ತೆರೆದು ದೊಡ್ಡದು ಮಾಡಿದ. ಪಕ್ಕದಲ್ಲಿ ಕತ್ತರಿಸಿದ ಟೇಪಿನ ಪೆಟ್ಟಿಗೆ, ಮಣೆಯ ಮೇಲೆ ಕ್ಯಾಮೆರಾ, ಕುಂಕುಮ ಇನ್ನೂ ಬಟ್ಟಲಲ್ಲೇ ಇತ್ತು. ಲೆನ್ಸಿನ ಬಳೆಯ ಕೆಳಗೆ ಕೂದಲೆಳೆಯಷ್ಟು ಬಿರುಕು, ಎದ್ದು ಕಾಣುವ ಹಾಗೆ.

ಅಷ್ಟೊಂದು ಫೋಟೋಗಳಲ್ಲಿ ಇದೇ ಬೇಕೆಂದು ಅವನಿಗೆ ಹೇಗೆ ಗೊತ್ತಾಯಿತು? ಕುರ್ಚಿ ಸರಿಸಿ ಅವನ ಮುಖದ ಎದುರಿಗೆ ಕೂತೆ.

"ಅವತ್ತೇ ಕಂಡಿತ್ತೇನೋ ನಿನಗ ಇದು?"

"ಕಂಡಿತ್ತು."

"ಮತ್ತ ಯಾಕ ಬೊಗಳಲಿಲ್ಲ?"

ಅವನು ಮೌಸನ್ನು ಸುಮ್ಮನೆ ಅತ್ತಿತ್ತ ಆಡಿಸಿದ. "ಹ್ಯಾಂಗ ಹೇಳ್ಲೋ ಮಾರಾಯಾ? ನಂದು ತಂದು ಇನ್ನೂ ವರ್ಷ ಆಗಿಲ್ಲ, ನೀ ಅದಕಿಂತ ಮ್ಯಾಲಿಂದು ತಂದು ನನ್ನನ್ನೇ ಫೋಟೋ ತೆಗಿ ಅಂತ ಕರದಿ. ನನ್ನ ಹೊಟ್ಟಿ ಉರದು ಬೂದಿ ಆಗಿತ್ತು. ಆ ಬಿರುಕು ಕಂಡ ಕೂಡಲೇ ಖರೇ ಹೇಳ್ತೀನಿ, ಜೀವಕ್ಕ ತಂಪಾತು. ನೀ ಬೊಟ್ಟು ಇಟ್ಟು ಮುಚ್ಚಿದಿ, ನಾ ಪ್ರಸಾದ ತಿಂದು ಬಂದೆ."

ಇನ್ನೊಬ್ಬನಾಗಿದ್ದರೆ ಅವನ ಕಾಲರ್ ಹಿಡಿಯುತ್ತಿದ್ದನೇನೋ. ನನಗೂ ಸಿಟ್ಟು ಬಂತು, ಬರಲಿಲ್ಲ ಎಂದೇನಿಲ್ಲ. ಆದರೆ ಸಿಟ್ಟಿನ ಕೆಳಗೆ ಒಂದು ಸುಖ ಮೆಲ್ಲಗೆ ಹರಿದಾಡಿತು. ಇವನು ನನ್ನನ್ನು ಕಂಡು ಉರಿದಿದ್ದನೇ? ನನ್ನನ್ನು ಕಂಡು? ಇಷ್ಟು ದಿನ ಉರಿಯುವ ಕೆಲಸವೆಲ್ಲ ನನ್ನೊಬ್ಬನ ಪಾಲಿಗೇ ಬಂದದ್ದು ಎಂದುಕೊಂಡಿದ್ದೆ.

"ದಂಡ ಕೊಡಬೇಕು ನೀ" ಅಂದೆ. "ಚಿತ್ತಾಪುರದ ಮದುವಿ ಮುಗಿಯೋ ತನಕ ಈ ಕ್ಯಾಮೆರಾ ನನ್ನ ಕೈಯಾಗ ಇರ್ತದ."

"ಕ್ಯಾಮೆರಾನಾ?" ಅವನ ಕೈ ತಾನಾಗಿಯೇ ಪಟ್ಟಿಗೆ ಹೋಯಿತು.

"ಇಲ್ಲಂದ್ರ ಈ ಮಾತು ರಸ್ತಾದಾಗ ಎಲ್ಲರಿಗೂ ಹೇಳ್ತೀನಿ. ಪೂಜಿ ಪ್ರಸಾದ ತಿಂದು ಏನು ಮಾಡಿದಿ ಅಂತ."

ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡೇ, "ಆಯ್ತು. ಆದ್ರ ಅದರ ಜೋಡಿ ನಾನೂ ಬರ್ತೀನಿ" ಅಂದ.

ಆ ಫೋಟೋಗಳು ಸಾಹೇಬರ ಲೈನಿನಲ್ಲಿ ಹೋಗಲಿಲ್ಲ. ಅರ್ಧಕ್ಕೆ ಬಂದು ನಿಂತುಬಿಡುತ್ತಿದ್ದವು. ವಾಡಿಯಲ್ಲಿ ಸ್ಟೇಷನ್ ಹತ್ತಿರದ ಸೆಂಟರಿನಲ್ಲಿ ಜೋರಾದ ಲೈನ್ ಇದೆ ಎಂದು ಇಬ್ಬರೂ ಗಾಡಿ ಹತ್ತಿದೆವು. ಪೆನ್‌ಡ್ರೈವ್ ಅವನದು, ನನ್ನ ಕೈಗೆ ಕೊಡಲಿಲ್ಲ. ಟಿಕೆಟ್ ನನ್ನದು, ಅವನಿಗೆ ತೋರಿಸಲಿಲ್ಲ. ಟೇಪು ಕತ್ತರಿಸುವ ಫೋಟೋ, ಬಿರುಕಿನ ಫೋಟೋ, ಬೊಟ್ಟು ಇಡುವ ಫೋಟೋ ಮೂರನ್ನೂ ಸಾಲಾಗಿ ಹಚ್ಚಿ ಕಳಿಸಿದೆವು. ಪ್ರತಿಯೊಂದು ತೆಗೆದ ವೇಳೆಯೂ ಫೋಟೋದೊಳಗೇ ದಾಖಲಾಗಿರುತ್ತದೆ, ಅದನ್ನೂ ಬರೆಯಿರಿ ಎಂದು ಅವನೇ ಸೆಂಟರಿನವರಿಗೆ ಹೇಳಿದ. ಫಿಲ್ಮಿನಲ್ಲಿ ತೆಗೆದಿದ್ದರೆ ಆ ಸಾಕ್ಷಿ ಸಿಗುತ್ತಿರಲಿಲ್ಲ. ಅದನ್ನು ನೆನೆದು ಅವನ ಕ್ಯಾಮೆರಾದ ಮೇಲೆ ಮತ್ತೊಮ್ಮೆ ಹೊಟ್ಟೆ ಉರಿಯಿತು.

ಫೋನಿನ ಹೆಣ್ಣುಮಗಳು ಮಾತು ಉಳಿಸಿಕೊಂಡಳು. ನಾವು ಚಿತ್ತಾಪುರಕ್ಕೆ ಹೊರಡುವ ಮುನ್ನಾದಿನ ಸಾಹೇಬರು ರಸ್ತೆಯ ಆ ತುದಿಯಿಂದಲೇ ಕೂಗಿದರು: "ಭಾಯಿ, ಒಪ್ಪ್ಯಾರ! ಚೆಕ್ ಕಳಸ್ತಾರಂತ!" ಚೆಕ್ ಬಂದು, ಹೊರ ಊರಿನ ಚೆಕ್ಕಾದ್ದರಿಂದ ಬ್ಯಾಂಕಿನಲ್ಲಿ ಮತ್ತಷ್ಟು ದಿನ ಮಲಗಿ, ಕೈಗೆ ರೊಕ್ಕ ಸೇರುವ ಹೊತ್ತಿಗೆ ಮದುವೆಯ ಆಲ್ಬಮ್ಮೇ ಮುಗಿದಿತ್ತು. ಆ ಮಾತು ಬೇರೆ.

ಚಿತ್ತಾಪುರದಲ್ಲಿ ದೇವರ ಸಮಾರಾಧನೆಯ ಬೆಳಗ್ಗೆ ಅವನು ಕುತ್ತಿಗೆಯಿಂದ ಪಟ್ಟಿ ತೆಗೆದು ನನ್ನ ಕೈಗೆ ಕೊಟ್ಟ. ಕೂಸನ್ನು ಇನ್ನೊಬ್ಬರಿಗೆ ಎತ್ತಿ ಕೊಡುವಂತೆ ಕೊಟ್ಟ. ಕೈಗೆ ಬಂದಾಗ ತಿಳಿಯಿತು, ಎಂಥ ಹಗುರ, ಎಂಥ ಹಿಡಿತ! ಒತ್ತಿದರೆ ಸದ್ದೇ ಇಲ್ಲ. ಇಂಥದ್ದನ್ನು ಇಟ್ಟುಕೊಂಡು ಇವನು ಮೂಗಿನ ಮೇಲೆ ಫ್ಲ್ಯಾಶ್ ಹೊಡೆಯುತ್ತಾನಲ್ಲ ಎಂದು ಹಲ್ಲು ಕಡಿದೆ. ಅವನು ನನ್ನ ಹಿಂದೆಯೇ ಲೈಟ್ ಹಿಡಿದು ನಿಂತ. "ಮೆಲ್ಲಕ ಹಿಡಿ," "ಬೆವರು ಹತ್ತತದ," "ಹೋಮದ ಹೊಗಿ ಹತ್ರ ಹೋಗಬ್ಯಾಡ" ಎಂದು ಕಿವಿಯಲ್ಲಿ ಅನ್ನುತ್ತಲೇ ಇದ್ದ. ಮದುವೆಯ ದಿನ ಅಂತರಪಟ ಸರಿದು ಹುಡುಗಿ ಕಣ್ಣೆತ್ತಿ ಹುಡುಗನನ್ನು ನೋಡಿದ ಕ್ಷಣಕ್ಕೆ ನಾನು ಫ್ಲ್ಯಾಶ್ ಬಂದ್ ಮಾಡಿ, ಅವನ ಲೈಟನ್ನು ಪಕ್ಕದ ಗೋಡೆಯ ಕಡೆ ತಿರುಗಿಸಿ, ಒಂದೇ ಒಂದು ಸಲ ಒತ್ತಿದೆ. ಹಿಂದಿನ ಪರದೆಯ ಮೇಲೆ ಅದು ಮೂಡಿತು. ಅವನು ಬಗ್ಗಿ ನೋಡಿದ. ಇನ್ನೂ ಸ್ವಲ್ಪ ಬಗ್ಗಿ ನೋಡಿದ. ಆಮೇಲೆ ಇಡೀ ದಿನ ನನಗೆ ಒಂದು ಮಾತನ್ನೂ ಹೇಳಿಕೊಡಲಿಲ್ಲ.

ರೊಕ್ಕ ಜಮೆಯಾದ ದಿನ ನಾನು ಬ್ಯಾಂಕಿನಿಂದ ಬರುವುದನ್ನೇ ಕಾಯುತ್ತಿದ್ದವನಂತೆ ಅವನು ರಸ್ತೆಗೆ ಇಳಿದ.

"ಬಂತೇನು?"

"ಬಂತು."

"ಈಗ ಯಾವುದು ತರ್ತಿ?"

ನಾನು ನಿಜವಾಗಿಯೂ ಏನೂ ನಿರ್ಧರಿಸಿರಲಿಲ್ಲ. ಗುಲ್ಬರ್ಗಾದಲ್ಲಿ ಕೈಯಲ್ಲಿ ಹಿಡಿದು ನೋಡಿ, ಅವನದೇ ಮಾಡೆಲ್ ತಂದರೂ ಸಾಕಿತ್ತು. ಆದರೆ ಅವನ ಮುಖ ನೋಡಿ ಬಾಯಿ ತಾನಾಗಿಯೇ ಆಡಿತು: "ಒಂದು ನೋಡಿಟ್ಟೀನಿ. ಈಗ ಹೇಳಂಗಿಲ್ಲ ಬಿಡು."

ಮರುದಿನ ಬೆಳಗ್ಗೆ ನಳದ ನೀರಿಗೆ ಹೋಗಿ ಬಂದ ಹೆಂಡತಿ ಕೊಡ ಇಳಿಸುವ ಮೊದಲೇ ನಗತೊಡಗಿದಳು. ಅವನ ಹೆಂಡತಿ ಸಿಕ್ಕಿದ್ದಳಂತೆ. "ನಮ್ಮವರಿಗಿ ರಾತ್ರಿ ನಿದ್ದೀನೇ ಹತ್ತಿಲ್ರೀ ಅಕ್ಕಾ. ಹೊಳ್ಳಾಡ್ಯಾರ, ಎದ್ದು ಕುಂತಾರ, ನೀರು ಕುಡದಾರ. ನಿಮ್ಮವರು ಯಾವ ಕ್ಯಾಮೆರಾ ತರ್ತಾರಂತ ಒಮ್ಮಿ ಹೇಳಿಬಿಡ್ರಿ" ಎಂದು ಬೇಡಿಕೊಂಡಳಂತೆ.

ನಾನು ಆ ರಾತ್ರಿ ಗೊರಕೆ ಹೊಡೆದು ಮಲಗಿದ್ದೆ. ಹೆಂಡತಿ ಕೈಯಿಂದ ಕೊಡ ಇಸಿದುಕೊಂಡು ಕೆಳಗಿಟ್ಟು, ಆಕೆಯನ್ನು ಎದುರಿಗೆ ಕೂರಿಸಿಕೊಂಡು, "ಹೊಳ್ಳಾಡ್ಯಾರ ಅಂದ್ಳಾ? ಮೊದಲಿಂದ ಇನ್ನೊಮ್ಮೆ ಹೇಳು" ಅಂದೆ.